ಸೋಲೊಪ್ಪುವ ಮುನ್ನ: ಒಂದು ಚೆಸ್ ಆಟದ ಪಾಠ

ನಂಜನಗೂಡು, ತಿ. ನರಸೀಪುರದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಇದನ್ನು ಗಮನಿಸಿರಬಹುದು. ಶಿಕ್ಷಕರು ಹಲಗೆಯ ಮೇಲೆ ಬೇರೆ ಉತ್ತರ ಬರೆದ ಕೂಡಲೇ ಮಗು ತನ್ನ ಲೆಕ್ಕವನ್ನು ಅಳಿಸಿಬಿಡುತ್ತದೆ, ಅದು ಸರಿಯಿದ್ದರೂ. ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಒಮ್ಮೆ ಮಾಡಿದ್ದೂ ಇದನ್ನೇ.

1997ರ ಮೇ ತಿಂಗಳಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಐಬಿಎಂನ ಡೀಪ್ ಬ್ಲೂ ಕಂಪ್ಯೂಟರಿನೊಡನೆ ಆರು ಆಟ ಆಡಿದರು. ಮೊದಲನೆಯದನ್ನು ಗೆದ್ದರು. ಎರಡನೆಯದರಲ್ಲಿ ಬಿಳಿಯ 45ನೇ ನಡೆಯಾದ ಮೇಲೆ ಸೋಲೊಪ್ಪಿದರು. ಆದರೆ ಅದರ ಹಿಂದಿನ ನಡೆಯಲ್ಲಿ ಯಂತ್ರ ತನ್ನ ರಾಜನನ್ನು ತಪ್ಪು ಮನೆಗೆ ಸರಿಸಿತ್ತು. ಕಪ್ಪು ರಾಣಿಯನ್ನು ಇ3 ಮನೆಗೆ ತಂದು, ಮೇಲಿಂದ ಮೇಲೆ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ಅವಕಾಶವಿತ್ತು. ಮರುದಿನ ಗೆಳೆಯರು ಹೇಳಿದಾಗಲೇ ಅವರಿಗೆ ಅದು ತಿಳಿದದ್ದು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ನೋಡುವ ಯಂತ್ರ ಇಂಥ ಲೋಪ ಬಿಡದೆಂದು ನಂಬಿ ಅವರು ಹುಡುಕಲೇ ಇಲ್ಲ. ಕೊನೆಗೆ ಪಂದ್ಯವೂ 3½–2½ ಅಂಕಗಳಿಂದ ಯಂತ್ರದ ಪಾಲಾಯಿತು.

ಇಂದು ಸ್ಟಾಕ್‌ಫಿಶ್‌ನಂಥ ಚೆಸ್ ಎಂಜಿನ್ ಉಚಿತವಾಗಿ ಮೊಬೈಲಿನಲ್ಲೇ ಸಿಗುತ್ತದೆ. ಅದು ಪ್ರತಿ ಸ್ಥಿತಿಗೂ ಒಂದು ಅಂಕೆ ಕೊಡುತ್ತದೆ, 0.00 ಎಂದರೆ ಸಮಬಲ. ಆ ಅಂಕೆಗೆ ಆಧಾರವಾದ ನಡೆಗಳ ಸಾಲನ್ನೂ ತೋರಿಸುತ್ತದೆ. ತರಗತಿಗೆ ಬೇಕಾದದ್ದು ಈ ಸಾಲು. ಬರೀ ಅಂಕೆ ತೋರಿಸಿದರೆ ಮಕ್ಕಳು ಇನ್ನೊಂದು ಯಂತ್ರವನ್ನು ಕಣ್ಮುಚ್ಚಿ ನಂಬಿದಂತಾಗುತ್ತದೆ.

ಪಾಠ ಹೀಗಿರಲಿ: ಆಟದ ಕೊನೆಯ ಸ್ಥಿತಿಯನ್ನು ಜೋಡಿಸಿ, "ಕಪ್ಪಿಗೆ ಇನ್ನೇನು ನಡೆಯಿದೆ?" ಎಂದು ಕೇಳಿ. ಹತ್ತು ನಿಮಿಷ ಬಿಡಿ; ಎಂಜಿನ್ ತೆರೆಯುವುದು ಆಮೇಲೆ. ಗಣಿತದ ತರಗತಿಯಲ್ಲೂ ಮಗು ಅಳಿಸುವ ಮೊದಲು "ನಿನ್ನ ಉತ್ತರ ಹೇಗೆ ಬಂತು?" ಎಂದು ಕೇಳಿ. ಎಷ್ಟು ಮಕ್ಕಳು ಸರಿಯುತ್ತರವನ್ನು ಉಳಿಸಿಕೊಂಡರೆಂದು ಅವಲೋಕನ ಪುಸ್ತಕದಲ್ಲಿ ಬರೆದಿಡಿ.