ಮಳೆ ನೋಡಲು ಸಾವಿರ ಕಿಲೋಮೀಟರು

ಮಳೆ ನೋಡುವುದಕ್ಕೆಂದು ಯಾರಾದರೂ ಸಾವಿರ ಕಿಲೋಮೀಟರು ಹೋಗುತ್ತಾರೆಯೇ ಎಂದು ನೀವು ನಗಬಹುದು. ಜೂನ್ ಬಂತೆಂದರೆ ಬಟ್ಟೆ ಒಣಗುವುದಿಲ್ಲವೆಂದು ಗೊಣಗುವ ನಮ್ಮೂರಿನವರಿಗೆ ಇದು ತಮಾಷೆಯೇ ಸರಿ. ಆದರೆ ಮಸ್ಕತ್ತಿನ ಬೇಸಿಗೆಯಲ್ಲಿ, ತಣ್ಣೀರಿನ ನಲ್ಲಿ ತಿರುಗಿಸಿದರೂ ಬಿಸಿನೀರೇ ಬರುವ ಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು ಏರ್‌ಕಂಡೀಷನರಿನ ಸದ್ದು ಕೇಳುತ್ತಾ ಎರಡು ತಿಂಗಳು ಕಳೆದು ನೋಡಿ. ಆಮೇಲೆ ನೀವೂ ಗಂಟುಮೂಟೆ ಕಟ್ಟುತ್ತೀರಿ!

2023ರ ಜುಲೈ ಕೊನೆಯಲ್ಲಿ ನಾವು ಹೀಗೇ ಹೊರಟೆವು. ಮಕ್ಕಳಿಗೆ ಬೇಸಿಗೆ ರಜೆ. ಊರಿಗೆ ಹೋಗೋಣವೆಂದರೆ ವಿಮಾನದ ಟಿಕೆಟ್ಟಿನ ಬೆಲೆ ಕೇಳಿಯೇ ಎದೆ ಒಡೆಯಿತು. "ಹಾಗಾದ್ರೆ ಸಲಾಲಾಕ್ಕೆ ಹೋಗೋಣ ಬಿಡಿ" ಎಂದರು ನಮ್ಮವರು. ಮಂಗಳೂರಿನ ಗೆಳತಿಯ ಮನೆಯವರೂ ಧಾರವಾಡದ ಅಕ್ಕನ ಮನೆಯವರೂ ಜೊತೆಗೂಡಿದರು. ಮೂರು ಸಂಸಾರ, ಐದು ಮಕ್ಕಳು, ಎರಡು ದೊಡ್ಡ ಗಾಡಿ. ಪರದೇಶದಲ್ಲಿ ಸ್ನೇಹಿತರೇ ಅಲ್ಲವೇ ನಮಗೆ ಬಂಧುಬಳಗ?

ಸಲಾಲಾ ಇರುವುದು ಒಮಾನ್ ದೇಶದ ದಕ್ಷಿಣದ ತುದಿಯಲ್ಲಿ, ಧೋಫಾರ್ ಪ್ರಾಂತ್ಯದಲ್ಲಿ. ನಮ್ಮ ಪಶ್ಚಿಮ ಘಟ್ಟಕ್ಕೆ ಮಳೆ ಸುರಿಸುವ ನೈಋತ್ಯ ಮಾರುತವೇ ಅಲ್ಲಿಯ ಬೆಟ್ಟಸಾಲನ್ನೂ ಮುಟ್ಟುತ್ತದೆ. ಜೂನ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಮಂಜು, ತುಂತುರು, ಹಸಿರು. ಬೆಟ್ಟದ ಆಚೆ ಬದಿಗೆ ಮಾತ್ರ ಒಣ ಮರಳುಗಾಡು. ಈ ಕಾಲವನ್ನು ಅಲ್ಲಿಯವರು 'ಖರೀಫ್' ಎನ್ನುತ್ತಾರೆ. ನಮ್ಮ ರೈತರು ಮುಂಗಾರು ಬೆಳೆಗೆ ಖಾರಿಫ್ ಎನ್ನುವುದೂ ಇದೇ ಅರಬ್ಬಿ ಮಾತಿನಿಂದ ಬಂದದ್ದು.

ಹೊರಡುವ ಮುನ್ನ ನಾನೊಂದು ಪಟ್ಟಿ ಮಾಡಿದೆ. ಈ ಪಟ್ಟಿಯ ವಿಷಯ ನೆನಪಿಡಿ, ಮುಂದೆ ಬರುತ್ತದೆ. ಮೂರು ದಿನ, ಮೂರು ಹೊತ್ತು, ಯಾವಾಗ ಏನು ಅಡಿಗೆ, ಯಾರು ಏನು ತರಬೇಕು ಎಂದೆಲ್ಲ ಬರೆದು ಇಬ್ಬರು ಗೆಳತಿಯರಿಗೂ ಕೊಟ್ಟೆ. ಕುಕ್ಕರು, ಲಟ್ಟಣಿಗೆ, ಮಸಾಲೆ ಡಬ್ಬಿ, ಹತ್ತು ಕಿಲೋ ಅಕ್ಕಿ ಎಲ್ಲವೂ ಗಾಡಿಗೇರಿದವು. ನನ್ನ ವ್ಯವಸ್ಥೆಗೆ ಗಂಡಸರು ಭೇಷ್ ಎಂದರು. ನಾನೂ ಉಬ್ಬಿಹೋದೆ.

ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಆದಮ್ ಊರು ದಾಟಿದ ಮೇಲೆ ದಾರಿಯುದ್ದಕ್ಕೂ ಬಟ್ಟಬಯಲು. ಮರವಿಲ್ಲ, ಮನೆಯಿಲ್ಲ, ಗೆರೆ ಎಳೆದಂತೆ ರಸ್ತೆ. ಹೈಮಾದಲ್ಲಿ ಪೆಟ್ರೋಲು ತುಂಬಿಸಿ ಬುತ್ತಿ ಬಿಚ್ಚಿದೆವು. ಆ ಬಿಸಿಲಿಗೆ ಮೊಸರನ್ನ ಮಧ್ಯಾಹ್ನದೊಳಗೇ ಹುಳಿ ಬಂದಿತ್ತು. ಗೊಜ್ಜವಲಕ್ಕಿ ಮಾತ್ರ ಕೈಬಿಡಲಿಲ್ಲ. ಥುಮ್ರೈತ್ ದಾಟಿ ಘಟ್ಟ ಇಳಿಯತೊಡಗಿದಾಗ ಸಂಜೆಯಾಗುತ್ತಿತ್ತು. ಇದ್ದಕ್ಕಿದ್ದಂತೆ ಯಾರೋ ಬಿಳಿ ಪರದೆ ಇಳಿಬಿಟ್ಟಂತೆ ಮಂಜು! ಗಾಜು ಇಳಿಸಿದರೆ ತಣ್ಣನೆ ಗಾಳಿ, ಮಣ್ಣಿನ ವಾಸನೆ. ಮಕ್ಕಳು ಕೈ ಹೊರಗೆ ಚಾಚಿ ಕೂಗಿದರು. ಧಾರವಾಡದ ಅಕ್ಕ ಮಾತ್ರ ಮಾತಾಡಲಿಲ್ಲ. ಮೂರು ವರ್ಷವಾಗಿತ್ತು ಅವರು ಊರಿಗೆ ಹೋಗಿ, ಮಳೆ ಕಂಡು.

ಊರೊಳಗೆ ಹೋದರೆ ಕರಾವಳಿಗೇ ಬಂದೆವೇನೋ ಎನ್ನಿಸಿತು. ತೆಂಗಿನ ತೋಟ, ಬಾಳೆ, ಪರಂಗಿ, ರಸ್ತೆ ಬದಿಯಲ್ಲಿ ಸಾಲಾಗಿ ಎಳನೀರಿನ ಅಂಗಡಿ. ಮಂಗಳೂರಿನ ಗೆಳತಿ, "ನಮ್ಮ ಊರೇ ಅಲ್ವಾ ಇದು ಮಾರಾಯ್ರೆ!" ಎಂದು ಎರಡೆರಡು ಬೊಂಡ ಕುಡಿದಳು.

ಮರುದಿನ ವಾದಿ ದರ್ಬಾತ್ ನೋಡುವುದೆಂದು ಗೊತ್ತಾಗಿತ್ತು. ಸಲಾಲಾದ ಪೂರ್ವಕ್ಕೆ, ತಾಖಾ ಊರಿನಾಚೆ ಇರುವ ಹಸಿರು ಕಣಿವೆ ಅದು. ಮಳೆ ಚೆನ್ನಾಗಿ ಬಂದರೆ ಜಲಪಾತ, ಹುಲ್ಲಿನಲ್ಲಿ ಮೇಯುವ ಒಂಟೆಗಳ ಹಿಂಡು. ಆದರೆ ನನ್ನ ಪಟ್ಟಿಯಲ್ಲಿ ಆ ದಿನ ಬೆಳಿಗ್ಗೆ ಇಡ್ಲಿ ಸಾಂಬಾರು, ಮಧ್ಯಾಹ್ನದ ಬುತ್ತಿಗೆ ಬಿಸಿಬೇಳೆ ಭಾತು! ನಾವು ಹಿಡಿದ ಬಾಡಿಗೆ ಮನೆಯಲ್ಲಿ ಎರಡೇ ಒಲೆ. ಹನ್ನೊಂದು ಜನ ತಿಂದು, ಪಾತ್ರೆ ತೊಳೆದು, ಬುತ್ತಿ ಕಟ್ಟುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ದಾರಿಯಲ್ಲಿ ಗಾಡಿಗಳ ಸಾಲು. ಕಣಿವೆ ಮುಟ್ಟಿದಾಗ ಮಂಜು ಕವಿದು ಎದುರಿಗಿದ್ದ ಒಂಟೆಯೇ ಕಾಣದು, ಇನ್ನು ಜಲಪಾತವೆಲ್ಲಿ? ನಾವು ಮೂವರೂ ಚಾಪೆ ಹಾಸಿ ತಟ್ಟೆಗೆ ಭಾತು ಬಡಿಸಿ, ತಟ್ಟೆ ಒರೆಸಿ, ಚಾಪೆ ಮಡಿಸಿ ವಾಪಸು ಬಂದೆವು.

ರಾತ್ರಿ ಅಡಿಗೆಮನೆಯಲ್ಲಿ ಮತ್ತೆ ಹಿಟ್ಟು ಕಲಸುತ್ತಿದ್ದೆವು. ಹೊರಗಿನಿಂದ ನಮ್ಮವರ ಧ್ವನಿ: "ಚಪಾತಿ ಜೊತೆ ಪಲ್ಯ ಏನು ಮಾಡ್ತೀರಾ?" ಧಾರವಾಡದ ಅಕ್ಕ ಲಟ್ಟಣಿಗೆಯನ್ನು ಮೆಲ್ಲಗೆ ಕೆಳಗಿಟ್ಟು ಬಾಗಿಲಿಗೆ ಬಂದು ನಿಂತರು. ಸಿಟ್ಟಿನ ದನಿಯಲ್ಲ, ಸುಮ್ಮನೆ ಕೇಳಿದರು: "ನಾ ಏನ್ ಇಲ್ಲಿ ಚಪಾತಿ ಲಟ್ಟಿಸಲಿಕ್ಕೆ ಬಂದೀನೇನ್ರೀ? ಅದು ಮನ್ಯಾಗ ದಿನಾ ಇದ್ದದ್ದ. ನಾನೂ ಮಳಿ ನೋಡಲಿಕ್ಕೇ ಬಂದೀನಿ."

ಯಾರೂ ಉಸಿರೆತ್ತಲಿಲ್ಲ. ಗಂಡಸರ ಮುಖ ಪೆಚ್ಚಾಯಿತು. ನಿಮ್ಮ ಹತ್ತಿರ ಮುಚ್ಚುಮರೆ ಏಕೆ, ನಿಜವಾಗಿ ನಾಚಿದವಳು ನಾನು. ಪಟ್ಟಿ ಬರೆದವರು ಗಂಡಸರಲ್ಲವಲ್ಲ! ಯಾರೂ ಕೇಳದೇ ಮನೆಯ ಅಡಿಗೆಮನೆಯನ್ನೇ ಹೊತ್ತು ತಂದು, ಗೆಳತಿಯರನ್ನೂ ಅದರೊಳಗೆ ನಿಲ್ಲಿಸಿದವಳು ನಾನು. ಹಾಗೆ ಅಂದೆ ಕೂಡ. ಅಕ್ಕ ನಕ್ಕು, "ನೀ ಬರದಿ, ನಾ ಹೂಂ ಅಂದೆ. ಇಬ್ಬರದೂ ತಪ್ಪ" ಎಂದರು. ಆ ರಾತ್ರಿ ಹೋಟೆಲಿನ ಪರೋಟ ತಂದು ತಿಂದೆವು. ಮಕ್ಕಳಿಗಂತೂ ಹಬ್ಬ.

ಮರುದಿನ ಬೆಳಿಗ್ಗೆ ಗಂಡಸರೇ ಉಪ್ಪಿಟ್ಟು ಮಾಡಿದರು. ಗಂಟು ಗಂಟಾಗಿತ್ತು, ಉಪ್ಪು ಮುಂದಾಗಿತ್ತು. ಆದರೂ ಎಂಟು ಗಂಟೆಗೆ ಎಲ್ಲರೂ ಗಾಡಿಯಲ್ಲಿದ್ದೆವು! ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರು ದೂರದ ಮುಗ್ಸೈಲ್ ಕಡಲತೀರ. ಅಲ್ಲಿ ಬಂಡೆಯ ಕೆಳಗೆ ನುಗ್ಗಿದ ಅಲೆ ಬಂಡೆಯಲ್ಲಿರುವ ತೂತುಗಳಿಂದ ಕಾರಂಜಿಯಂತೆ ಮೇಲಕ್ಕೆ ಚಿಮ್ಮುತ್ತದೆ. ನೋಡಲು ಬಲು ಚೆಂದ, ಆದರೆ ಖರೀಫಿನ ಕಡಲು ನಂಬಿಕೆಗೆ ತಕ್ಕದ್ದಲ್ಲ. 2022ರ ಜುಲೈನಲ್ಲಿ ಇದೇ ತೀರದಲ್ಲಿ ಪ್ರವಾಸಿಗರನ್ನು ಅಲೆ ಎಳೆದುಕೊಂಡು ಹೋಗಿ ಮಕ್ಕಳೂ ಸೇರಿ ಪ್ರಾಣಹಾನಿಯಾಯಿತು. ಫೋಟೋದ ಆಸೆಗೆ ಬೇಲಿ ದಾಟಬೇಡಿ, ಮಕ್ಕಳ ಕೈ ಬಿಡಬೇಡಿ.

ಮೂರನೆಯ ದಿನ ಬೆಳಗಾಗುತ್ತಲೇ ಮತ್ತೆ ದರ್ಬಾತ್‌ಗೆ ಹೋದೆವು. ಮಂಜು ಮೇಲೆದ್ದಿತ್ತು. ಬಂಡೆಯ ಅಂಚಿನಿಂದ ನೀರು ಬಿಳಿ ಎಳೆಗಳಾಗಿ ಇಳಿಯುತ್ತಿತ್ತು. ತುಂತುರು ಶುರುವಾದಾಗ ನಾನು ಕೊಡೆ ಬಿಚ್ಚಿದೆ. ಅಕ್ಕ ಬೇಡವೆಂದು ಕೈಯಾಡಿಸಿ, ಸೆರಗನ್ನೂ ತಲೆಗೆ ಹಾಕಿಕೊಳ್ಳದೆ ನೆನೆಯುತ್ತಾ ನಿಂತರು. ಅವರ ಯಜಮಾನರು ದೂರದಿಂದ ನೋಡುತ್ತಿದ್ದವರು, ಕೆಂಡದ ಮೇಲೆ ಸುಟ್ಟ ಜೋಳದ ತೆನೆಯೊಂದನ್ನು ತಂದು ಮಾತಿಲ್ಲದೆ ಅವರ ಕೈಗಿತ್ತರು. ಆ ಪ್ರವಾಸದಲ್ಲಿ ನಾವು ತೆಗೆದ ನೂರಾರು ಫೋಟೋಗಳಲ್ಲಿ ಅದೊಂದು ಇಲ್ಲ. ಆದರೆ ನನಗೆ ನೆನಪಿರುವುದು ಅದೇ.

ವಾಪಸು ಬರುವಾಗ ಥುಮ್ರೈತ್ ದಾರಿಯಲ್ಲಿ ವಾದಿ ದೌಕಾದಲ್ಲಿ ಇಳಿದೆವು. ಲುಬಾನ್ ಎಂಬ ಧೂಪದ ಮರಗಳಿರುವ ಬಯಲು ಅದು. ಯುನೆಸ್ಕೊ 2000ದಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ತಾಣಗಳಲ್ಲಿ ಇದೂ ಒಂದು. ತೊಗಟೆಯನ್ನು ಸ್ವಲ್ಪ ಕೆತ್ತಿದರೆ ಹಾಲಿನಂಥ ಅಂಟು ಒಸರಿ, ಗಾಳಿಗೆ ಗಟ್ಟಿಯಾಗಿ ಹನಿಹನಿಯಾಗಿ ನಿಲ್ಲುತ್ತದೆ. ಒಳ್ಳೆಯ ಲುಬಾನ್ ಸಿಗುವುದು ಮಳೆ ಬೀಳುವ ಹಸಿರು ಬದಿಯಲ್ಲಲ್ಲ, ಬೆಟ್ಟದ ಆಚೆಯ ಒಣನೆಲದಲ್ಲಿ. ಪೇಟೆಯಲ್ಲಿ ಕೊಂಡ ಒಂದು ಪೊಟ್ಟಣ ಇಂದಿಗೂ ನಮ್ಮ ದೇವರಮನೆಯಲ್ಲಿದೆ.

ಈಗ ಸ್ನೇಹಿತರೊಡನೆ ಪ್ರವಾಸ ಹೊರಡುವ ನಿಮಗೆ ನನ್ನ ನಾಲ್ಕು ಮಾತು.

ಒಂದು: ಹೊರಡುವ ಮೊದಲೇ ಕೆಲಸ ಹಂಚಿಕೊಳ್ಳಿ. ತಿಂಡಿ ಒಂದು ಮನೆಯವರದು, ಪಾತ್ರೆ ಇನ್ನೊಂದು ಮನೆಯವರದು ಎಂದಾಗಬೇಕು. 'ಮನೆಯವರು' ಅಂದರೆ ಗಂಡಸರೂ ಸೇರಿದರು! ದಿನಕ್ಕೆ ಒಂದು ಹೊತ್ತಾದರೂ ಒಲೆ ಹಚ್ಚಬೇಡಿ.

ಎರಡು: ಹಣಕ್ಕೆ ಒಂದು ಡಬ್ಬಿ ಇಡಿ. ಎಲ್ಲರೂ ಮೊದಲೇ ಸಮನಾಗಿ ಹಾಕಿ, ಒಬ್ಬರು ಲೆಕ್ಕ ಬರೆಯಲಿ. ಎಳನೀರಿಗೆ ಯಾರು ಕೊಟ್ಟರು, ಪೆಟ್ರೋಲಿಗೆ ಯಾರು ಕೊಟ್ಟರು ಎಂಬ ಮಾತಿನಿಂದಲೇ ಎಷ್ಟೋ ಸ್ನೇಹ ಹಳಸುತ್ತದೆ.

ಮೂರು: ಮರುಭೂಮಿಯ ದಾರಿಯಲ್ಲಿ ರಾತ್ರಿ ಗಾಡಿ ಓಡಿಸಬೇಡಿ. ಒಂಟೆಗಳು ರಸ್ತೆಗೆ ಬರುತ್ತವೆ. ಕುಡಿಯುವ ನೀರು ಬೇಕಾದ್ದಕ್ಕಿಂತ ಹೆಚ್ಚೇ ಇರಲಿ.

ನಾಲ್ಕು: ಬುತ್ತಿಗೆ ಮೊಸರನ್ನ ಬೇಡ, ಗೊಜ್ಜವಲಕ್ಕಿ ಒಯ್ಯಿರಿ. ನಿಂಬೆಗಾತ್ರದ ಹುಣಸೆಹಣ್ಣಿನ ಗಟ್ಟಿ ರಸಕ್ಕೆ ಅಷ್ಟೇ ಬೆಲ್ಲ, ಎರಡು ಚಮಚ ಸಾರಿನ ಪುಡಿ, ಉಪ್ಪು, ಅರಿಶಿನ ಸೇರಿಸಿ, ಸಾಸಿವೆ, ಕಡಲೆಬೇಳೆ, ಕಡಲೆಕಾಯಿ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಎಣ್ಣೆ ಬಿಡುವ ತನಕ ಕುದಿಸಿ, ಆರಿದ ಮೇಲೆ ಸೀಸೆಗೆ ತುಂಬಿ. ಎರಡು ಲೋಟ ಗಟ್ಟಿ ಅವಲಕ್ಕಿಯನ್ನು ತರಿತರಿಯಾಗಿ ಪುಡಿ ಮಾಡಿ ಬೇರೆ ಒಯ್ಯಿರಿ. ದಾರಿಯಲ್ಲಿ ಪುಡಿಗೆ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟು, ಗೊಜ್ಜು, ಕೊಬ್ಬರಿ ತುರಿ ಕಲಸಿದರೆ ಆಯಿತು. ಒಲೆ ಬೇಡ. ಗಂಡಸರೂ ಕಲಸಬಹುದು!

ಮುಂದಿನ ಸಲ ಎಲ್ಲಿಗೆ ಎಂದು ಈಗಲೇ ಮಾತು ನಡೆದಿದೆ. ಪಟ್ಟಿ ಬರೆಯುವ ಕೆಲಸ ನಮ್ಮವರದು. ಲಟ್ಟಣಿಗೆ ಮನೆಯಲ್ಲೇ ಇರುತ್ತದೆ.