ಕೀಬೋರ್ಡ್ ಚಿಕ್ಕದು, ಶಿಫ್ಟ್ ದೊಡ್ಡದು

1196ರ ಅಮೃತೇಶ್ವರ ದೇವಸ್ಥಾನ ಇರೋ ನಮ್ಮ ಅಮೃತಾಪುರದಲ್ಲಿ ಕೂತು ಬೆಂಗಳೂರಿನ ಆಫೀಸ್ ಕೆಲಸ ಮಾಡ್ತೀರಾ? ಮೇಜು ಪುಟ್ಟದು, ವೈರ್‌ಲೆಸ್ ಕೀಬೋರ್ಡ್ ಬೇಕು. ಸರಿ, ಮೊದಲು ಅದರ ಶಿಫ್ಟ್ ಕೀ ನೋಡಿ.

ಯಾಕೆ? ಕನ್ನಡ ಬರೀಬೇಕಲ್ಲ! ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ, ನುಡಿ ತಂತ್ರಾಂಶ ಬಳಸೋರಿಗೆ ಪರಿಚಯ ಇರೋದೇ ಅದು, ಎನ್ ಒತ್ತಿದರೆ ನ, ಶಿಫ್ಟ್ ಹಿಡಿದು ಒತ್ತಿದರೆ ಣ. ಎಲ್ ಅಂದ್ರೆ ಲ, ಶಿಫ್ಟ್ ಜೊತೆ ಳ. ಮಹಾಪ್ರಾಣಕ್ಕೂ ಶಿಫ್ಟೇ. ಒತ್ತಕ್ಷರಕ್ಕೆ ನಡುವೆ ಎಫ್. ಜಾಗ ಉಳಿಸೋಕೆ ಕೆಲವು ಕಂಪನಿಗಳು ಬಲಗಡೆ ಶಿಫ್ಟನ್ನೇ ಮೊಟಕು ಮಾಡಿರ್ತವೆ. ಬೆರಳು ತಪ್ಪಿದರೆ ನಿಮ್ಮ ಹಳ್ಳಿ ಹಲ್ಲಿ ಆಗುತ್ತೆ!

ಅಡಿಕೆ ಮಂಡಿ ಲೆಕ್ಕ ಬರೆಯೋರಾದ್ರೆ ಪುಟ್ಟ ಕೀಬೋರ್ಡಿನ ಆಸೆ ಬಿಡಿ, ನಂಬರ್ ಪ್ಯಾಡ್ ಇರೋದನ್ನೇ ತಗೊಳ್ಳಿ.

ಜೊತೆಗಿರೋ ವೈರ್‌ಲೆಸ್ ಮೌಸ್ ಆಗಾಗ ತಡವರಿಸುತ್ತಾ? ಅದರ ಡಾಂಗಲ್, ಅಂದ್ರೆ ಕಂಪ್ಯೂಟರಿಗೆ ಸಿಕ್ಕಿಸೋ ಪುಟ್ಟ ರಿಸೀವರ್, ನಡೆಯೋದು 2.4 ಗಿಗಾಹರ್ಟ್ಸ್‌ನಲ್ಲಿ. ಪಕ್ಕದ ಯುಎಸ್‌ಬಿ 3 ಪೋರ್ಟಲ್ಲಿ ಹಾರ್ಡ್‌ಡಿಸ್ಕ್ ಓಡ್ತಿದ್ರೆ ಅದರ ಗದ್ದಲ ಇದಕ್ಕೆ ತಟ್ಟುತ್ತೆ. ಡಾಂಗಲ್ ದೂರದ ಪೋರ್ಟಿಗೆ ಹಾಕಿ. ಫೋನಿಗೂ ಜೋಡಿಸೋದಿದ್ರೆ ಬ್ಲೂಟೂತ್ ಇರಲಿ.

ಇನ್ನು ಬ್ಯಾಟರಿ. ನನ್ನ ಓಟು ಪೆನ್ಸಿಲ್ ಸೆಲ್ಲಿಗೆ. ಮೀಟಿಂಗ್ ನಡುವೆ ಮುಗಿದರೂ ಟಿವಿ ರಿಮೋಟಿಂದ ಕಿತ್ತು ಹಾಕಬಹುದು, ಅಳತೆ ಒಂದೇ ಇದ್ರೆ!