ದಾರಿ ಮಾಡಿದವರು

ರಣರಂಗವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಗುಂಡು ಹಾರಿಸುವ ಯೋಧ, ಘರ್ಜಿಸುತ್ತ ನುಗ್ಗುವ ಟ್ಯಾಂಕು, ಆಕಾಶವನ್ನು ಸೀಳುವ ವಿಮಾನ. ಆದರೆ ಟ್ಯಾಂಕು ಮುಂದೆ ಸಾಗಬೇಕಾದರೆ ಅದಕ್ಕೊಂದು ದಾರಿ ಬೇಕು. ಎಲ್ಲರಿಗಿಂತ ಮುಂದೆ ಹೋಗಿ, ನೆಲದ ಮೇಲೆ ಬೋರಲಾಗಿ ತೆವಳುತ್ತ ಆ ದಾರಿಯನ್ನು ಮಾಡಿಕೊಡುವವರೂ ಸೈನಿಕರೇ. ಸೈನ್ಯದಲ್ಲಿ ಅವರಿಗೆ ಸ್ಯಾಪರುಗಳೆಂದು ಹೆಸರು. ಸೇತುವೆ ಕಟ್ಟುವುದು, ರಸ್ತೆ ಹಾಕುವುದು, ಶತ್ರು ಹೂತಿಟ್ಟ ನೆಲಬಾಂಬುಗಳನ್ನು ತೆಗೆಯುವುದು ಅವರ ಕರ್ತವ್ಯ. ೧೭೮೦ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಇಂಥದೊಂದು ಪಡೆಯೇ ಮದ್ರಾಸ್ ಎಂಜಿನಿಯರ್ ಗ್ರೂಪ್. ಅದರ ಕೇಂದ್ರವಿರುವುದು ಬೆಂಗಳೂರಿನ ಹಲಸೂರು ಕೆರೆಯ ಬಳಿ. ದಕ್ಷಿಣದ ಇತರ ರಾಜ್ಯಗಳ ತರುಣರೊಡನೆ ಕನ್ನಡನಾಡಿನ ತರುಣರೂ ಅದರಲ್ಲಿ ದುಡಿದಿದ್ದಾರೆ.

ಆ ಪಡೆಯಲ್ಲಿ ಸೇವೆ ಸಲ್ಲಿಸಿದ ಹಿರಿಯರೊಬ್ಬರು ಕೋಲಾರದ ಕಡೆಯ ನಮ್ಮ ಹಳ್ಳಿಯಲ್ಲಿದ್ದಾರೆ. ೧೯೭೧ರ ಯುದ್ಧದ ಕಾಲಕ್ಕೆ ಅವರು ೨೧ ವರ್ಷದ ತರುಣ; ಈಗ ವಯಸ್ಸು ಎಪ್ಪತ್ತನ್ನು ದಾಟಿದೆ. ಒಂದು ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ಅವರ ಮೊಮ್ಮಗ, "ತಾತ, ಯುದ್ಧದಲ್ಲಿ ನೀನು ಎಷ್ಟು ಜನ ಶತ್ರುಗಳನ್ನು ಕೊಂದೆ?" ಎಂದು ಕೇಳಿದನು. "ಒಬ್ಬನನ್ನೂ ಇಲ್ಲ ಮಗು" ಎಂದರು ಹಿರಿಯರು. ಹುಡುಗನ ಮುಖ ಸಪ್ಪಗಾಯಿತು. ಆಗ ಅವರು ಹೇಳಿದ ಸಂಗತಿಯೇ ಈ ಪಾಠದ ವಸ್ತು.

೧೯೭೧ರ ಡಿಸೆಂಬರ್ ೩ರ ಸಂಜೆ ಪಾಕಿಸ್ತಾನದ ವಿಮಾನಗಳು ನಮ್ಮ ಪಶ್ಚಿಮ ಭಾಗದ ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡಿದವು. ಯುದ್ಧವು ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಹೊತ್ತಿಕೊಂಡಿತು. ಪಶ್ಚಿಮದಲ್ಲಿ ನಮ್ಮ ಸೇನೆಯ ಒಂದು ಭಾಗವು ಶಕರ್‌ಗಢ ಪ್ರದೇಶವನ್ನು ಪ್ರವೇಶಿಸಿತು. ಅಲ್ಲಿ ರಾವಿಯ ಉಪನದಿಯಾದ ಬಸಂತರ್ ಹರಿಯುತ್ತದೆ. ಅದು ದೊಡ್ಡ ನದಿಯಲ್ಲ. ಆದರೆ ಅದರ ಆಸುಪಾಸಿನ ನೆಲದಲ್ಲಿ ಶತ್ರುಗಳು ನೆಲಬಾಂಬುಗಳನ್ನು ಸಾಲುಸಾಲಾಗಿ ಹೂತಿದ್ದರು. ದಾರಿ ಬಿಡಿಸುವ ಹೊಣೆ ಮದ್ರಾಸ್ ಸ್ಯಾಪರುಗಳ ೯ನೆಯ ಎಂಜಿನಿಯರ್ ರೆಜಿಮೆಂಟಿಗೆ ಬಿದ್ದಿತು.

ನೆಲಬಾಂಬುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಟ್ಯಾಂಕಿನಂಥ ಭಾರವಾದ ವಾಹನ ಹಾಯ್ದಾಗ ಸಿಡಿಯುವಂಥದು. ಇನ್ನೊಂದು ಮನುಷ್ಯನ ಕಾಲಿನ ಒತ್ತಡಕ್ಕೇ ಸಿಡಿಯುವಂಥದು. ಈ ಎರಡನ್ನೂ ಒಂದೇ ನೆಲದಲ್ಲಿ ಬೆರೆಸಿ ಹೂಳುವುದುಂಟು. ದೊಡ್ಡದನ್ನು ತೆಗೆಯಲು ಬಂದವನನ್ನು ಚಿಕ್ಕದು ಬಲಿ ತೆಗೆದುಕೊಳ್ಳಲೆಂಬುದೇ ಅದರ ಉದ್ದೇಶ. ಟ್ಯಾಂಕಿನ ಮುಂಭಾಗಕ್ಕೆ ಭಾರವಾದ ಉರುಳೆಗಳನ್ನು ಕಟ್ಟಿ ಬಾಂಬುಗಳನ್ನು ಸಿಡಿಸುವ ಸಾಧನಗಳುಂಟು. ಲೋಹವಿರುವ ಸ್ಥಳವನ್ನು ಸೂಚಿಸುವ ಯಂತ್ರಗಳೂ ಉಂಟು. ಆದರೂ ಕೊನೆಗೆ ಕೆಲಸ ಬೀಳುವುದು ಮನುಷ್ಯನ ಕೈಗೇ.

"ಕೈಯಲ್ಲಿ ಒಂದು ಚೂಪಾದ ಸಲಾಕೆ" ಎಂದರು ಹಿರಿಯರು. "ಅದನ್ನು ನೆಲಕ್ಕೆ ನೆಟ್ಟಗೆ ಚುಚ್ಚಬಾರದು. ಚುಚ್ಚಿದರೆ ಬಾಂಬಿನ ನೆತ್ತಿಗೆ ತಾಗಿ ಅದು ಸಿಡಿಯುತ್ತದೆ. ಸಲಾಕೆಯನ್ನು ಓರೆಯಾಗಿ ಹಿಡಿದು ಮೆಲ್ಲಗೆ ಒಳಗೆ ನೂಕಬೇಕು. ಆಗ ಅದು ಬಾಂಬಿನ ಪಕ್ಕಕ್ಕೆ ತಾಗುತ್ತದೆ. ತಾಗಿದೊಡನೆ ಕೈ ನಿಲ್ಲಬೇಕು. ಬೆರಳಿನಿಂದ ಮಣ್ಣನ್ನು ಸರಿಸಿ ನೋಡಬೇಕು. ಅಂಗೈ ಅಗಲದಷ್ಟು ನೆಲ ಮುಗಿದ ಮೇಲೆ ಇನ್ನೊಂದು ಅಂಗೈ ಅಗಲ. ಪಕ್ಕದಲ್ಲಿಯೇ ಷೆಲ್ಲು ಬಿದ್ದರೂ ಕೈ ಅವಸರಪಡಬಾರದು. ಬಿಡಿಸಿದ ದಾರಿಯ ಎರಡು ಅಂಚಿಗೂ ಬಿಳಿಯ ಪಟ್ಟಿ ಎಳೆಯುತ್ತ ಹೋಗುತ್ತಿದ್ದೆವು. ಆ ಪಟ್ಟಿಗಳ ನಡುವೆ ಇರುವವರೆಗೆ ಬದುಕು, ಹೊರಗೆ ಕಾಲಿಟ್ಟರೆ ಸಾವು."

ಡಿಸೆಂಬರ್ ೧೫ರ ರಾತ್ರಿ ನಮ್ಮ ಪದಾತಿಗಳು ನದಿಯನ್ನು ದಾಟಿ ಆಚೆಯ ನೆಲದಲ್ಲಿ ಕಾಲೂರಿದರು. ಶತ್ರುಗಳ ಟ್ಯಾಂಕುಗಳು ಅವರ ಮೇಲೆ ಬೀಳಲು ಸಿದ್ಧವಾಗುತ್ತಿದ್ದವು. ನಮ್ಮ ಟ್ಯಾಂಕುಗಳು ಕೂಡಲೇ ಅಲ್ಲಿಗೆ ತಲುಪಬೇಕಾಗಿತ್ತು. ಸ್ಯಾಪರುಗಳ ಕೆಲಸವಾದರೋ ಇನ್ನೂ ಪೂರ್ತಿಯಾಗಿರಲಿಲ್ಲ. ಆ ಹೊತ್ತಿನಲ್ಲಿಯೇ ಹಿರಿಯರ ಬಲಗಡೆ ತೆವಳುತ್ತಿದ್ದ, ತಮಿಳುನಾಡಿನ ಗೆಳೆಯನ ಕಾಲಡಿಯಲ್ಲಿ ಬಾಂಬು ಸಿಡಿಯಿತು. "ಅವನನ್ನು ಹಿಂದಕ್ಕೆ ಸಾಗಿಸಿದರು. ಅವನ ಜಾಗಕ್ಕೆ ನಾನು ಸರಿದೆ. ಅಳುವುದಕ್ಕೆ ಸಮಯವಿರಲಿಲ್ಲ" ಎಂದು ಅವರು ಸ್ವಲ್ಪ ಹೊತ್ತು ಮೌನವಾದರು.

ದಾರಿ ಮುಗಿಯುವ ಮೊದಲೇ ಪೂನಾ ಹಾರ್ಸ್ ರೆಜಿಮೆಂಟಿನ ಟ್ಯಾಂಕುಗಳು ಅಪಾಯವನ್ನು ಲೆಕ್ಕಿಸದೆ ಉಳಿದ ಬಾಂಬುಗಳ ನಡುವೆಯೇ ನುಗ್ಗಿ ಆಚೆಗೆ ಹೋದವು. ಮರುದಿನ ನಡೆದ ಘೋರ ಸಮರದಲ್ಲಿ ಆ ರೆಜಿಮೆಂಟಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ವೀರಮರಣ ಹೊಂದಿದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ದೊರೆಯಿತು. ಸ್ಯಾಪರುಗಳ ಮೇಜರ್ ವಿಜಯ ರತನ್ ಚೌಧರಿಯವರೂ ಈ ಯುದ್ಧದಲ್ಲಿ ಪ್ರಾಣ ತೆತ್ತು ಮಹಾವೀರ ಚಕ್ರಕ್ಕೆ ಪಾತ್ರರಾದರು. ಡಿಸೆಂಬರ್ ೧೬ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆ ಶರಣಾಯಿತು. ೧೭ರಂದು ಪಶ್ಚಿಮದಲ್ಲಿಯೂ ಕದನ ನಿಂತಿತು.

ಕದನವೇನೋ ನಿಂತಿತು, ನೆಲದೊಳಗಿನ ಬಾಂಬಿಗೆ ಅದು ತಿಳಿಯುವುದು ಹೇಗೆ? ಅದಕ್ಕೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದವಿಲ್ಲ. ದನ ಮೇಯಿಸುವ ಹುಡುಗ ತುಳಿದರೂ ಸಿಡಿಯುತ್ತದೆ, ಉಳುವ ಎತ್ತು ತುಳಿದರೂ ಸಿಡಿಯುತ್ತದೆ. ಮಳೆಯ ನೀರಿಗೆ ಮಣ್ಣು ಸರಿದಾಗ ಬಾಂಬೂ ತನ್ನ ಸ್ಥಳವನ್ನು ಬಿಟ್ಟು ಸರಿಯುವುದುಂಟು. ಆದ್ದರಿಂದ ಇತರರು ಮನೆಯ ಕಡೆಗೆ ಮುಖ ಮಾಡಿದಾಗಲೂ ಸ್ಯಾಪರುಗಳು ಸಲಾಕೆಯನ್ನು ಕೆಳಗಿಡುವಂತಿರಲಿಲ್ಲ. ಗಡಿಯ ಗೋಧಿಯ ಹೊಲಗಳಲ್ಲಿ, ನಮ್ಮವರೇ ಹೂತಿದ್ದ ಬಾಂಬುಗಳನ್ನು ನಕ್ಷೆ ನೋಡಿ ಒಂದೊಂದಾಗಿ ತೆಗೆಯಬೇಕಾಗಿತ್ತು.

"ಒಂದು ಹೊಲವನ್ನು ಬಿಡಿಸಿ ಮುಗಿಸಿದ ದಿನ ಅದರ ಒಡೆಯ, ಒಬ್ಬ ಮುದುಕ, ಬದುವಿನ ಮೇಲೆ ನಿಂತಿದ್ದ" ಎಂದರು ಹಿರಿಯರು. "ಬಾಂಬಿಲ್ಲವೆಂದು ಎಷ್ಟು ಹೇಳಿದರೂ ಅವನಿಗೆ ಧೈರ್ಯ ಬರಲಿಲ್ಲ. ಆಗ ನಾವು ಹತ್ತು ಜನ ಕೈ ಕೈ ಹಿಡಿದು ಆ ತುದಿಯಿಂದ ಈ ತುದಿಯವರೆಗೆ ನಡೆದು ತೋರಿಸಿದೆವು. ಆಮೇಲೆ ಅವನು ನೇಗಿಲು ಹೂಡಿದ. ನನ್ನ ಯುದ್ಧ ಮುಗಿದದ್ದು ಅಂದು."

ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿನ್ನ ಗೆಳೆಯ ಏನಾದ ತಾತ?" ಎಂದನು. "ಬದುಕಿದ. ಒಂದು ಕಾಲು ಹೋಯಿತು. ಪ್ರತಿ ವರ್ಷ ಪೊಂಗಲಿಗೆ ಕಾಗದ ಬರೆಯುತ್ತಿದ್ದ. ಈಗ ನಾಲ್ಕು ವರ್ಷದಿಂದ ಬಂದಿಲ್ಲ" ಎಂದು ಹೇಳಿ ಹಿರಿಯರು ಎದ್ದರು.

ಶೌರ್ಯವು ನುಗ್ಗುವ ಕಾಲಿನಲ್ಲಿರುವಂತೆಯೇ ಅವಸರಪಡದ ಕೈಯಲ್ಲಿಯೂ ಇರುತ್ತದೆ. ಮುಂದೆ ಹೋದವರ ಹೆಸರನ್ನು ನಾವು ನೆನೆಯುತ್ತೇವೆ, ನೆನೆಯಲೇಬೇಕು. ಅವರಿಗೆ ದಾರಿ ಮಾಡಿಕೊಟ್ಟವರಲ್ಲಿ ಕೆಲವರು ನಮ್ಮ ಹಳ್ಳಿಗಳ ಜಗಲಿಗಳ ಮೇಲೆ ಇಂದಿಗೂ ಕುಳಿತಿದ್ದಾರೆ. ಕೇಳುವವರಿದ್ದರೆ ಅವರು ಹೇಳಿಯಾರು.